ಇನ್ನೂ ಆಗುತ್ತಿರುವ ನೆಲ: ಐಸ್‌ಲ್ಯಾಂಡಿಗೆ ಹೊರಟವರಿಗೆ ಒಂದಿಷ್ಟು ಭೂಗೋಳ



ಹೈಸ್ಕೂಲಿನಲ್ಲಿ ಬದುಕಿಡೀ ಭೂಗೋಳ ಕಲಿಸಿದ ಮೇಷ್ಟ್ರೊಬ್ಬರ ಹೆಸರಿನಲ್ಲಿ ಈ ದತ್ತಿ ನಡೆದುಬಂದಿದೆ. ಉಪನ್ಯಾಸದ ವಿಷಯ ಯಾವುದೇ ಇರಲಿ, ಪರೀಕ್ಷೆ ಮುಗಿದ ಮೇಲೆ ಭೂಗೋಳವನ್ನು ಮರೆತವರಿಗೂ ಅದು ಉಪಯೋಗಕ್ಕೆ ಬರಬೇಕು ಎಂಬುದು ದತ್ತಿ ಕೊಟ್ಟವರ ಆಸೆ. ಆ ಆಸೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಐಸ್‌ಲ್ಯಾಂಡನ್ನು ಆರಿಸಿಕೊಂಡಿದ್ದೇನೆ. 2015ರಲ್ಲಿ ‘ದಿಲ್‌ವಾಲೆ’ ಎಂಬ ಹಿಂದಿ ಚಿತ್ರದ ಹಾಡೊಂದರಲ್ಲಿ ಅಲ್ಲಿಯ ಕಪ್ಪು ಮರಳು, ಜಲಪಾತ, ಮಂಜುಗಡ್ಡೆಗಳು ತೆರೆಯ ಮೇಲೆ ಬಂದವು. ಅಂದಿನಿಂದ ನಮ್ಮವರಲ್ಲೂ ಆ ದೇಶದ ಹಂಬಲ ಹೆಚ್ಚಿದೆ. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಹೋಗುವವರಿದ್ದಾರೆ. ಲಂಡನ್, ಆಮ್‌ಸ್ಟರ್‌ಡಾಮ್‌ಗಳಲ್ಲಿ ಕೆಲಸದಲ್ಲಿರುವ ಕನ್ನಡದ ಮಕ್ಕಳು ಅಪ್ಪ ಅಮ್ಮ ಬಂದಾಗ ಅವರನ್ನೂ ಕರೆದುಕೊಂಡು ಹೋಗುತ್ತಾರೆ. ಎಲ್ಲರ ಫೋನಿನಲ್ಲೂ ನೋಡಬೇಕಾದ ಜಾಗಗಳ ಪಟ್ಟಿ ಇರುತ್ತದೆ. ಆ ಜಾಗಗಳು ಹಾಗೇಕಿವೆ ಎಂಬುದು ಮಾತ್ರ ಪಟ್ಟಿಯಲ್ಲಿ ಇರುವುದಿಲ್ಲ. ಐಸ್‌ಲ್ಯಾಂಡಿನ ಚೆಲುವಿಗೂ ಅಪಾಯಕ್ಕೂ ಕಾರಣ ಒಂದೇ. ಆ ಕಾರಣ ಗೊತ್ತಿದ್ದವರ ಪ್ರವಾಸ ಕ್ಷೇಮವೂ ಹೌದು, ತುಂಬಿದ್ದೂ ಹೌದು. ಇವತ್ತು ನನಗೆ ಹೇಳಬೇಕಾಗಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ವಿಸ್ತೀರ್ಣದಲ್ಲಿ ಐಸ್‌ಲ್ಯಾಂಡ್ ಸುಮಾರು 1,03,000 ಚದರ ಕಿಲೋಮೀಟರ್, ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ನಾಲ್ಕು ಲಕ್ಷವೂ ಇಲ್ಲ. ಅವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಮಂದಿ ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಆಸುಪಾಸಿನಲ್ಲೇ ಇದ್ದಾರೆ. ಉಳಿದವರು ಕರಾವಳಿಯ ಉದ್ದಕ್ಕೂ ಚದುರಿದ್ದಾರೆ. ನಡುನಾಡಿನಲ್ಲಿ ಊರುಗಳೇ ಇಲ್ಲ.

ಅಟ್ಲಾಂಟಿಕ್ ಸಾಗರದ ತಳದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಒಂದು ಬೆಟ್ಟಸಾಲು ಹರಿದಿದೆ. ಉತ್ತರ ಅಮೆರಿಕದ ಭೂಫಲಕ ಮತ್ತು ಯುರೇಷಿಯಾದ ಭೂಫಲಕ ಅದರ ಉತ್ತರ ಭಾಗದಲ್ಲಿ ಒಂದರಿಂದೊಂದು ದೂರ ಸರಿಯುತ್ತಿವೆ. ಈ ಸಾಲು ಬಹುತೇಕ ಎಲ್ಲ ಕಡೆಯೂ ನೀರಿನಡಿಯಲ್ಲೇ ಇದೆ. ಐಸ್‌ಲ್ಯಾಂಡಿನ ಕೆಳಗೆ ಮಾತ್ರ ಭೂಗರ್ಭದ ಆಳದಿಂದ ಹೆಚ್ಚುವರಿ ಬಿಸಿ ಮೇಲೇರಿ ಬರುತ್ತಿರುವುದರಿಂದ ಲಾವಾ ರಾಶಿರಾಶಿಯಾಗಿ ಉಕ್ಕಿ ಸಮುದ್ರದ ಮೇಲಕ್ಕೆದ್ದು ನೆಲವಾಗಿದೆ. ಫಲಕಗಳು ಸರಿಯುವ ವೇಗ ವರ್ಷಕ್ಕೆ ಸುಮಾರು 2 ಸೆಂಟಿಮೀಟರ್. ರೇಕ್ಯಾವಿಕ್‌ನಿಂದ ಒಂದು ಗಂಟೆಯ ದಾರಿಯಲ್ಲಿರುವ ಥಿಂಗ್‌ವೆಲ್ಲಿರ್‌ಗೆ ಹೋದರೆ ಈ ಬಿರುಕಿನ ಒಳಗೇ ನಡೆಯಬಹುದು. ಒಂದು ಬದಿಗೆ ಕರಿಕಲ್ಲಿನ ಗೋಡೆ, ಇನ್ನೊಂದು ಬದಿಗೆ ಕುಸಿದ ಬಯಲು. 930ರಲ್ಲಿ ಐಸ್‌ಲ್ಯಾಂಡಿನ ಜನಸಭೆ ಆಲ್ಥಿಂಗ್ ಶುರುವಾದದ್ದು ಈ ಬಯಲಲ್ಲೇ. 1798ರವರೆಗೂ ಸಭೆ ಇಲ್ಲೇ ಕೂಡುತ್ತಿತ್ತು. 2004ರಿಂದ ಇದು ಯುನೆಸ್ಕೋದ ವಿಶ್ವ ಪರಂಪರೆಯ ತಾಣ.

ವಯಸ್ಸಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಐಸ್‌ಲ್ಯಾಂಡಿನ ಅತ್ಯಂತ ಹಳೆಯ ಕಲ್ಲಿಗೆ ಎರಡು ಕೋಟಿ ವರ್ಷವೂ ಆಗಿಲ್ಲ. ದಕ್ಷಿಣ ತೀರದಾಚೆಯ ಸುರ್ತ್ಸೇ ದ್ವೀಪವಂತೂ ಸಮುದ್ರದಿಂದ ಮೇಲೆದ್ದದ್ದೇ 1963ರ ನವೆಂಬರ್‌ನಲ್ಲಿ. ಈ ಸಭೆಯಲ್ಲಿರುವ ಎಷ್ಟೋ ಜನ ಅದಕ್ಕಿಂತ ಹಿರಿಯರು. ಬರಿಗಲ್ಲಿನ ಮೇಲೆ ಜೀವ ಹೇಗೆ ನೆಲೆಯೂರುತ್ತದೆ ಎಂದು ವಿಜ್ಞಾನಿಗಳು ಅಲ್ಲಿ ಮೊದಲ ದಿನದಿಂದಲೂ ಗಮನಿಸುತ್ತಾ ಬಂದಿದ್ದಾರೆ. ಪ್ರವಾಸಿಗರಿಗೆ ಆ ದ್ವೀಪಕ್ಕೆ ಪ್ರವೇಶವಿಲ್ಲ, ಇರಲೂ ಬಾರದು.

ದಕ್ಷಿಣ ತೀರದ ರೇನಿಸ್‌ಫ್ಯಾರಾದ ಕಪ್ಪು ಮರಳಿನ ದಂಡೆಯಲ್ಲಿ ಗುಡ್ಡದ ಬುಡಕ್ಕೆ ಆತುಕೊಂಡಂತೆ ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ಹತ್ತಿರ ಹೋಗಿ ಮುಟ್ಟಿ ನೋಡಿದರೆ ಒಂದೊಂದು ಕಂಬಕ್ಕೂ ಐದೋ ಆರೋ ಮುಖ, ಅಂಚುಗಳು ಗೆರೆ ಎಳೆದಷ್ಟು ನೇರ. ಯಾರ ಉಳಿಯೂ ಅಲ್ಲಿ ಆಡಿಲ್ಲ. ದಪ್ಪನೆಯ ಲಾವಾ ನಿಧಾನವಾಗಿ ಆರುವಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿಯುವ ಹಾಗೆ ಬಿರಿಯುತ್ತದೆ. ತಂಪು ಒಳಗಿಳಿದಷ್ಟೂ ಬಿರುಕು ಆಳಕ್ಕಿಳಿದು ಕಂಬಗಳಾಗುತ್ತವೆ. ಇದನ್ನು ನೋಡಲು ಕನ್ನಡಿಗರು ಅಷ್ಟು ದೂರ ಹೋಗಬೇಕೆಂದೇನಿಲ್ಲ. ಮಲ್ಪೆಯಿಂದ ದೋಣಿ ಹತ್ತಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥವೇ ಕಂಬಗಳ ಮೇಲೆ ಕೂತು ಬುತ್ತಿ ಬಿಚ್ಚಿರುತ್ತಾರೆ. ಅವು ಸುಮಾರು 9 ಕೋಟಿ ವರ್ಷಗಳ ಹಿಂದೆ, ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ ಲಾವಾ. ಸಿಲಿಕಾ ಹೆಚ್ಚಿರುವುದರಿಂದ ಕಲ್ಲಿನ ಜಾತಿ ಬೇರೆ, ಬಿರಿದ ಕ್ರಮ ಅದೇ. ಇನ್ನು ಬೆಳಗಾವಿಯಿಂದ ಬೀದರ್‌ವರೆಗಿನ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಹಾಸಿರುವ ಕರಿಕಲ್ಲು, ವಿಜಯಪುರದ ಗೋಳಗುಮ್ಮಟ ಕಟ್ಟಿದ ಆ ಕಲ್ಲು, ಐಸ್‌ಲ್ಯಾಂಡಿನದೇ ಜಾತಿಯ ಬಸಾಲ್ಟ್. 6.6 ಕೋಟಿ ವರ್ಷಗಳ ಹಿಂದೆ ನಮ್ಮಲ್ಲೂ ನೆಲ ಬಿರಿದು ಲಾವಾ ಪ್ರವಾಹವಾಗಿ ಹರಿದಿತ್ತು. ನಮ್ಮಲ್ಲಿ ಎಂದೋ ಮುಗಿದುಹೋದದ್ದು ಅಲ್ಲಿ ಇನ್ನೂ ನಡೆಯುತ್ತಿದೆ.

ಹೇಗೆ ನಡೆಯುತ್ತದೆ ಎಂಬುದಕ್ಕೆ ಲಾಕಿ ಎಂಬ ಜ್ವಾಲಾಮುಖಿಯ ಕಥೆ ಕೇಳಬೇಕು. 1783ರ ಜೂನ್ 8ರಂದು ದಕ್ಷಿಣ ಐಸ್‌ಲ್ಯಾಂಡಿನಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ನೆಲ ಬಾಯಿಬಿಟ್ಟಿತು. ಶಂಕುವಿನಾಕಾರದ ಒಂದು ಬೆಟ್ಟದ ನೆತ್ತಿಯಿಂದ ಬೆಂಕಿ ಬರುವುದನ್ನು ನಾವು ಚಿತ್ರದಲ್ಲಿ ನೋಡಿ ರೂಢಿ. ಇಲ್ಲಿ ನೂರಕ್ಕೂ ಹೆಚ್ಚು ಕುಳಿಗಳು ಸಾಲುಸಾಲಾಗಿ ಉಗುಳಿದವು. ಮರುವರ್ಷದ ಫೆಬ್ರವರಿಯವರೆಗೆ, ಎಂಟು ತಿಂಗಳು, ಇದು ನಿಲ್ಲಲಿಲ್ಲ. ಹೊರಬಂದ ಲಾವಾ 14 ಘನ ಕಿಲೋಮೀಟರಿಗೂ ಹೆಚ್ಚು. ಅದಕ್ಕಿಂತ ಘೋರವಾದದ್ದು ಜೊತೆಗೆ ಬಂದ ಅನಿಲ: ಸುಮಾರು 12 ಕೋಟಿ ಟನ್ ಗಂಧಕದ ಡೈಆಕ್ಸೈಡ್, ಅದರೊಂದಿಗೆ ಫ್ಲೋರಿನ್. ಫ್ಲೋರಿನ್ ಹುಲ್ಲಿನ ಮೇಲೆ ಕೂತಿತು. ಹುಲ್ಲು ಮೇಯ್ದ ಕುರಿಗಳ ಎಲುಬು ಗಂಟುಗಟ್ಟಿ, ಹಲ್ಲು ಕೆಟ್ಟು, ಬಹುಪಾಲು ಸತ್ತವು. ಕುರಿ ಹೋದ ಮೇಲೆ ಜನ ಹಸಿವಿನಿಂದ ಸತ್ತರು. ಆಗಿನ ಸುಮಾರು 50 ಸಾವಿರ ಜನಸಂಖ್ಯೆಯಲ್ಲಿ ಐದರಲ್ಲಿ ಒಂದು ಪಾಲು ಅಳಿಯಿತು.

ಕಿರ್ಕ್ಯುಬೈಯಾರ್‌ಕ್ಲೌಸ್ತುರ್ ಎಂಬ ಊರಿನ ಪಾದ್ರಿ ಯೋನ್ ಸ್ಟೇನ್‌ಗ್ರಿಮ್ಸನ್ ತಾನು ಕಂಡದ್ದನ್ನೆಲ್ಲ ಬರೆದಿಟ್ಟಿದ್ದಾನೆ. ಲಾವಾ ಊರಿನತ್ತ ಬರುತ್ತಿದ್ದಾಗ, 1783ರ ಜುಲೈ 20ರ ಭಾನುವಾರ, ಅವನು ಜನರನ್ನು ಇಗರ್ಜಿಯೊಳಗೆ ಕೂಡಿಸಿ ಪ್ರಾರ್ಥನೆ ನಡೆಸಿದ. ಲಾವಾ ಊರು ಮುಟ್ಟದೆ ನಿಂತಿತು. ಜನ ಅದನ್ನು ದೇವರ ಕೃಪೆ ಎಂದು ನಂಬಿದರು, ಇಂದಿಗೂ ಆ ಪ್ರಾರ್ಥನೆಯನ್ನು ನೆನೆಯುತ್ತಾರೆ. ನಮಗೆ ಆ ಪಾದ್ರಿ ಮುಖ್ಯವಾಗುವುದು ಇನ್ನೊಂದು ಕಾರಣಕ್ಕೆ. ದಿನದಿನದ ಗಾಳಿ, ಬೂದಿ, ವಾಸನೆ, ದನಕರುಗಳ ರೋಗ, ಎಲ್ಲವನ್ನೂ ಅವನು ದಾಖಲಿಸದಿದ್ದರೆ ಇಂದಿನ ವಿಜ್ಞಾನಿಗಳ ಕೈಗೆ ಈ ವಿವರಗಳು ಸಿಗುತ್ತಿರಲಿಲ್ಲ. ಲಾಕಿಯ ಅನಿಲದಿಂದಾಗಿ ಆ ಬೇಸಿಗೆ ಯುರೋಪಿನ ಮೇಲೆಲ್ಲ ಒಣಮಂಜು ಕವಿಯಿತು. ಆಫ್ರಿಕಾದ ಮಳೆ ಸೊರಗಿ ನೈಲ್ ನದಿ ಇಳಿಯಿತು. ಭಾರತದ ಮುಂಗಾರೂ ಆ ಹೊಗೆಯಿಂದ ದುರ್ಬಲವಾಗಿರಬೇಕು ಎಂದು ಹವಾಮಾನದ ಗಣಕ ಮಾದರಿಗಳು ಸೂಚಿಸುತ್ತವೆ. ಅದೇ 1783–84ರಲ್ಲಿ ಉತ್ತರ ಭಾರತ ಚಾಲೀಸಾ ಬರಗಾಲದಲ್ಲಿ ನರಳಿತ್ತು. ಆ ಬರಕ್ಕೆ ಲಾಕಿಯೊಂದೇ ಕಾರಣವೆಂದು ನಾನು ಹೇಳಲಾರೆ. ಆದರೆ ಎಲ್ಲೋ ದೂರದ ದ್ವೀಪವೆಂದು ಕೈಬಿಡುವ ನೆಲವಂತೂ ಐಸ್‌ಲ್ಯಾಂಡ್ ಅಲ್ಲ.

ಲಾಕಿಯಿಂದ ಹರಿದ ಲಾವಾ ಬಯಲಿನ ನಡುವೆಯೇ ಇಂದು ಹೆದ್ದಾರಿ ಹೋಗುತ್ತದೆ. ಕಣ್ಣು ಹಾಯುವವರೆಗೂ ಉಬ್ಬುತಗ್ಗಿನ ಕಲ್ಲು, ಕಲ್ಲಿನ ಮೇಲೆ ಗೇಣುದಪ್ಪದ ಬೂದುಹಸಿರು ಪಾಚಿ. ಕಾರು ನಿಲ್ಲಿಸಿದವರಿಗೆಲ್ಲ ಅದರ ಮೇಲೆ ಮಲಗಿ ಫೋಟೋ ತೆಗೆಸಿಕೊಳ್ಳುವ ಆಸೆ ಬರುತ್ತದೆ. ದಯವಿಟ್ಟು ಬೇಡ. 240 ವರ್ಷಗಳಲ್ಲಿ ಆ ಬಂಡೆಗಳ ಮೇಲೆ ಕೂಡಿಬಂದಿರುವ ಜೀವ ಹೆಚ್ಚಾಗಿ ಈ ಪಾಚಿಯೇ. ಬೇಸಿಗೆ ಚಿಕ್ಕದು, ತಂಪು ಹೆಚ್ಚು. ಬೆಳವಣಿಗೆ ಅಷ್ಟು ನಿಧಾನ. ಒಂದು ಬೂಟಿನ ಹೆಜ್ಜೆ ಕಿತ್ತುಹಾಕಿದ್ದು ಕೂಡಿಕೊಳ್ಳಲು ದಶಕಗಳು ಬೇಕು. ಫ್ಯಾದ್ರಾರ್‌ಗ್ಲ್ಯುಫುರ್ ಎಂಬ ಚೆಂದದ ಕಣಿವೆ ಒಂದು ಪಾಪ್ ಹಾಡಿನ ವಿಡಿಯೋದಿಂದ ಪ್ರಸಿದ್ಧವಾಗಿ, ಜನ ನುಗ್ಗಿ, ಪಾಚಿ ಹಾಳಾಗಿ, 2019ರಲ್ಲಿ ಅದನ್ನು ತಿಂಗಳುಗಟ್ಟಲೆ ಮುಚ್ಚಬೇಕಾಯಿತು. ರಸ್ತೆ ಬಿಟ್ಟು ಕಾರು ಓಡಿಸುವುದು ಅಲ್ಲಿ ಅಪರಾಧ, ದಂಡ ಭಾರಿ. ಆ ಕಾನೂನು ಸರಿಯಾಗಿದೆ.

ಇನ್ನು ಹವೆ. ಹೆಸರಿನಲ್ಲಿ ಐಸ್ ಇರುವುದರಿಂದ ನಮ್ಮವರು ಚಳಿಗೆ ಹೆದರಿ ಸೂಟ್‌ಕೇಸಿನ ತುಂಬ ಸ್ವೆಟರ್ ತುಂಬುತ್ತಾರೆ. ರೇಕ್ಯಾವಿಕ್ ಇರುವುದು 64 ಡಿಗ್ರಿ ಅಕ್ಷಾಂಶದಲ್ಲಿ. ಅದಕ್ಕಿಂತ ದಕ್ಷಿಣಕ್ಕಿರುವ ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಿ ಜನವರಿಯ ಸರಾಸರಿ ಉಷ್ಣಾಂಶ ಸೊನ್ನೆಗಿಂತ 38 ಡಿಗ್ರಿಯಷ್ಟು ಕೆಳಗೆ. ರೇಕ್ಯಾವಿಕ್‌ನಲ್ಲಿ ಸೊನ್ನೆಯ ಆಸುಪಾಸು. ದಕ್ಷಿಣದಿಂದ ಬರುವ ಬೆಚ್ಚನೆಯ ಸಾಗರಪ್ರವಾಹದ ಕವಲೊಂದು ದ್ವೀಪದ ದಕ್ಷಿಣ, ಪಶ್ಚಿಮ ತೀರಗಳನ್ನು ಸವರಿಕೊಂಡು ಹೋಗುವುದೇ ಇದಕ್ಕೆ ಕಾರಣ. ಜುಲೈನಲ್ಲಿ ಸರಾಸರಿ 11–12 ಡಿಗ್ರಿ. ಹಾಗಾಗಿ ಚಳಿಗಾಲ ನಾವಂದುಕೊಂಡಷ್ಟು ಕಡುವಲ್ಲ, ಬೇಸಿಗೆ ನಾವಂದುಕೊಂಡಷ್ಟು ಬೆಚ್ಚಗಲ್ಲ.

ಹೆದರಬೇಕಾದದ್ದು ಗಾಳಿಗೆ. ಉತ್ತರದಿಂದ ಧ್ರುವದ ತಣ್ಣನೆಯ ಗಾಳಿ ಮತ್ತು ನೀರು, ದಕ್ಷಿಣದಿಂದ ಬೆಚ್ಚನೆಯ ತೇವ. ಎರಡೂ ಸೇರುವ ಜಾಗದಲ್ಲೇ ದ್ವೀಪ ಇದೆ. ನಮ್ಮ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತವಾದರೆ ಅದು ಸುದ್ದಿಯಾಗುತ್ತದೆ. ಐಸ್‌ಲ್ಯಾಂಡಿನ ಸುತ್ತ ಚಳಿಗಾಲದಲ್ಲಿ ಒಂದು ಕುಸಿತ ದಾಟುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ತಡೆಯಲು ಕಾಡೂ ಇಲ್ಲ. ಬಾಡಿಗೆ ಕಾರು ಕೊಡುವವರು ಕೀಲಿ ಕೈಗಿಡುವ ಮುಂಚೆ ನನಗೆ ಕಲಿಸಿದ ಮೊದಲ ಪಾಠ ಬಾಗಿಲು ತೆಗೆಯುವುದು. ಕಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸಬೇಕು. ಒಂದು ಕೈಯಲ್ಲಿ ಹಿಡಿ, ಇನ್ನೊಂದು ಕೈಯಲ್ಲಿ ಬಾಗಿಲಿನ ಅಂಚು. ಗೇಣಗಲ ತೆಗೆದು, ಗಾಳಿಯ ಸೆಳೆತ ನೋಡಿಕೊಂಡು ಆಮೇಲೆ ಇಳಿಯಬೇಕು. ಬೆನ್ನಿಂದ ಬೀಸುವ ಗಾಳಿಗೆ ಬಾಗಿಲು ತೆಗೆದರೆ ಕೀಲು ಮುರಿದು ಮುಂದಕ್ಕೆ ಮಡಚಿಕೊಳ್ಳುತ್ತದೆ. ಆ ಹಾನಿಯನ್ನು ಬಹುತೇಕ ವಿಮೆಗಳು ಭರಿಸುವುದಿಲ್ಲ. ಮರಳುಗಾಳಿ ಕಾರಿನ ಬಣ್ಣ ಸುಲಿದರೆ ಅದಕ್ಕೂ ಬೇರೆ ವಿಮೆಯೇ ಬೇಕು. ಮತ್ತೊಂದು ಸಂಗತಿ: ಅಲ್ಲಿಯ ಹವಾಮಾನ ವರದಿ ಗಾಳಿಯನ್ನು ಹೇಳುವುದು ಸೆಕೆಂಡಿಗೆ ಮೀಟರ್ ಲೆಕ್ಕದಲ್ಲಿ. 20 ಎಂದು ಕಂಡರೆ ಗಂಟೆಗೆ 72 ಕಿಲೋಮೀಟರ್. 3.6ರಿಂದ ಗುಣಿಸುವ ಲೆಕ್ಕ ಹೈಸ್ಕೂಲಿನಲ್ಲೇ ಕಲಿತದ್ದು. ಅಲ್ಲಿ ಅದು ಜೀವ ಕಾಯುತ್ತದೆ. ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಅಲ್ಲಿಯ ಹವಾಮಾನ ಇಲಾಖೆ ಇಂಗ್ಲಿಷಿನಲ್ಲೂ ಪ್ರಕಟಿಸುತ್ತದೆ. ಕಿತ್ತಳೆ ಬಂದ ದಿನ ಹೋಟೆಲಿನಿಂದ ಹೊರಡಬೇಡಿ, ಮುಂದಿನ ಊರಿನ ಕೋಣೆಗೆ ಹಣ ಕಟ್ಟಿದ್ದರೂ.

ಮಳೆಯ ಹಂಚಿಕೆ ನಮಗೆ ಗೊತ್ತಿರುವ ನಿಯಮವೇ. ತೇವದ ಗಾಳಿ ದಕ್ಷಿಣದ ಹಿಮದ ಬೆಟ್ಟಗಳಿಗೆ ಬಡಿದು ಅಲ್ಲಿ ವರ್ಷಕ್ಕೆ 4,000 ಮಿಲಿಮೀಟರಿಗೂ ಮೀರಿ ಸುರಿಸುತ್ತದೆ. ಬೆಟ್ಟದಾಚೆ ಉತ್ತರಕ್ಕೆ ಅದರ ಒಂದು ಸಣ್ಣ ಪಾಲು ಮಾತ್ರ. ಆಗುಂಬೆಯಲ್ಲಿ ಸುರಿದ ಮೋಡ ಹಿರಿಯೂರಿಗೆ ಬರುವಷ್ಟರಲ್ಲಿ ಬರಿದಾಗುವುದೂ ಹೀಗೆಯೇ. ದಕ್ಷಿಣದಲ್ಲಿ ಮೂರು ದಿನ ಮಳೆ ಹಿಡಿದರೆ ಉತ್ತರದ ಅಕುರೇರಿಯ ಕಡೆ ಬಿಸಿಲಿರಬಹುದು.

ಬೆಳಕಿನ ವಿಷಯ ಬೇಗ ಮುಗಿಸುತ್ತೇನೆ. ಜೂನ್ ಕೊನೆಯಲ್ಲಿ ರೇಕ್ಯಾವಿಕ್‌ನಲ್ಲಿ ಹಗಲು ಸುಮಾರು 21 ಗಂಟೆ, ಉಳಿದ ಹೊತ್ತೂ ಪೂರ್ತಿ ಕತ್ತಲಾಗುವುದಿಲ್ಲ. ಡಿಸೆಂಬರ್‌ನಲ್ಲಿ ಹಗಲು ನಾಲ್ಕು ಗಂಟೆ. ಆಕಾಶದ ಹಸಿರು ಧ್ರುವಪ್ರಭೆ ನೋಡಬೇಕೆಂದರೆ ಕತ್ತಲೆ ಬೇಕು, ಆದ್ದರಿಂದ ಸೆಪ್ಟೆಂಬರ್‌ನಿಂದ ಏಪ್ರಿಲ್ ಮೊದಲ ವಾರಗಳವರೆಗಿನ ಕಾಲ. ಜುಲೈನಲ್ಲಿ ಹೋಗಿ ಅದನ್ನು ನೋಡಲಾಗಲಿಲ್ಲವೆಂದು ಬೇಸರಪಟ್ಟು ಬಂದವರನ್ನು ನಾನು ಕಂಡಿದ್ದೇನೆ.

ದೇಶದ ಹತ್ತರಲ್ಲಿ ಒಂದು ಭಾಗ ಹಿಮನದಿಗಳ ಅಡಿಯಲ್ಲಿದೆ. ಅವುಗಳಲ್ಲಿ ದೊಡ್ಡದು ವಾತ್ನಾಯೋಕುಲ್, ಸುಮಾರು 7,700 ಚದರ ಕಿಲೋಮೀಟರ್. ಈ ಹಿಮದ ಅಡಿಯಲ್ಲೂ ಜ್ವಾಲಾಮುಖಿಗಳಿವೆ! 1996ರ ಸೆಪ್ಟೆಂಬರ್ ಕೊನೆಯಲ್ಲಿ ಹಿಮದ ಕೆಳಗೆ ಬೆಂಕಿ ಎದ್ದು, ಕರಗಿದ ನೀರು ವಾರಗಟ್ಟಲೆ ಒಳಗೇ ತುಂಬುತ್ತಾ ಹೋಗಿ, ನವೆಂಬರ್ ಆರಂಭದಲ್ಲಿ ಒಮ್ಮೆಲೇ ಒಡೆದು ಹೊರಬಂತು. ಹೆದ್ದಾರಿಯ ಉಕ್ಕಿನ ಸೇತುವೆಯೊಂದು ಕೊಚ್ಚಿಹೋಯಿತು. ತಿರುಚಿಕೊಂಡ ಅದರ ತೊಲೆಗಳನ್ನು ಸ್ಕಾಫ್ಟಾಫೆಲ್‌ಗೆ ಹೋಗುವ ದಾರಿಬದಿಯಲ್ಲಿ ಹಾಗೇ ಇಟ್ಟಿದ್ದಾರೆ, ನಿಲ್ಲಿಸಿ ನೋಡಬೇಕು. ದ್ವೀಪವನ್ನು ಸುತ್ತುವ 1,300 ಕಿಲೋಮೀಟರಿನ ವರ್ತುಲ ಹೆದ್ದಾರಿ 1974ರವರೆಗೂ ಪೂರ್ತಿಯಾಗದೆ ಉಳಿದದ್ದು ಇಂಥ ಪ್ರವಾಹದ ಮರಳುಬಯಲಿಗೆ ಸೇತುವೆ ಕಟ್ಟುವುದು ಅಷ್ಟು ಕಷ್ಟವಾಗಿದ್ದರಿಂದ.

ನಡುನಾಡಿನ ಮಣ್ಣುರಸ್ತೆಗಳಿಗೆ ಹೋಗುವವರಿಗೆ ಒಂದು ಮಾತು. ಅಲ್ಲಿ ಎಷ್ಟೋ ಹೊಳೆಗಳಿಗೆ ಸೇತುವೆ ಇಲ್ಲ, ಜೀಪಿನಲ್ಲೇ ದಾಟಬೇಕು. ಹಿಮ ಕರಗುವುದು ಹಗಲಿನ ಬಿಸಿಲಿಗೆ. ನೀರು ಕೆಳಗೆ ಬಂದು ಸೇರುವುದು ಮಧ್ಯಾಹ್ನದ ಮೇಲೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹೊಳೆ ಸಂಜೆಗೆ ಗಾಡಿ ಮಗುಚಬಲ್ಲದು. ಮಳೆಯೇ ಬಾರದಿದ್ದರೂ ಹೊಳೆ ಏರುತ್ತದೆ ಎಂಬುದು ನಮ್ಮ ಅನುಭವಕ್ಕೆ ಬಾರದ ಸಂಗತಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಹಿಮಗುಹೆಗಳೂ ಇದೇ ನಿಯಮಕ್ಕೆ ಒಳಪಟ್ಟವು: ಕರಗುವ ನೀರು ಕೊರೆದು ಮಾಡಿದ ಗುಹೆ ಚಳಿಗಾಲದಲ್ಲಿ ಗಟ್ಟಿ, ಬೇಸಿಗೆಯಲ್ಲಿ ಸಡಿಲ. 2024ರ ಆಗಸ್ಟ್‌ನಲ್ಲಿ ಬ್ರೇದಾಮರ್ಕುರ್ ಹಿಮನದಿಯಲ್ಲಿ ಹಿಮ ಕುಸಿದು ಪ್ರವಾಸಿಗನೊಬ್ಬ ಸತ್ತ. ಬೇಸಿಗೆಯಲ್ಲಿ ಗುಹೆ ತೋರಿಸುತ್ತೇವೆಂದು ಯಾರೇ ಕರೆದರೂ ನಾನಂತೂ ಹೋಗಲಾರೆ.

ಅದೇ ಹಿಮನದಿ ಹಿಂದೆ ಸರಿದಂತೆ ಬಿಟ್ಟ ತಗ್ಗಿನಲ್ಲಿ ಯೋಕುಲ್ಸಾರ್‌ಲೋನ್ ಸರೋವರ ಆಗಿದೆ. ಫೋಟೋಗಳಲ್ಲಿ ನೀವೆಲ್ಲ ನೋಡಿರುವ ನೀಲಿ ಮಂಜುಗಡ್ಡೆಗಳು ತೇಲುವುದು ಇಲ್ಲೇ. ನೂರು ವರ್ಷಗಳ ಹಿಂದೆ ಆ ಸರೋವರ ಇರಲಿಲ್ಲ. ಈಗ ದೇಶದ ಅತ್ಯಂತ ಆಳದ ಸರೋವರ ಅದು, 248 ಮೀಟರ್. ಭೂಮಿ ಬಿಸಿಯಾದಷ್ಟೂ ಅದು ಹಿಗ್ಗುತ್ತದೆ. ಪಶ್ಚಿಮದ ಓಕ್ ಬೆಟ್ಟದ ಹಿಮ 2014ರಲ್ಲಿ ಹಿಮನದಿ ಎನ್ನಿಸಿಕೊಳ್ಳುವ ಅರ್ಹತೆಯನ್ನೇ ಕಳೆದುಕೊಂಡಿತು. 2019ರಲ್ಲಿ ಅಲ್ಲಿಯ ಜನ ಬೆಟ್ಟ ಹತ್ತಿ ಅದಕ್ಕೊಂದು ಸ್ಮಾರಕಫಲಕ ನೆಟ್ಟುಬಂದರು. ವಿಮಾನದಲ್ಲಿ ಅಷ್ಟು ದೂರ ಹಾರಿಹೋಗಿ ಇದನ್ನು ನೋಡುವ ನಾವೂ ಈ ಬಿಸಿಯಲ್ಲಿ ಪಾಲುದಾರರು.

ಮತ್ತೆ ರೇನಿಸ್‌ಫ್ಯಾರಾಕ್ಕೆ ಬರಬೇಕು, ಏಕೆಂದರೆ ಜನ ಪ್ರಾಣ ಕಳೆದುಕೊಳ್ಳುತ್ತಿರುವ ಜಾಗ ಅದು. ಆ ದಂಡೆಯಿಂದ ನೇರ ದಕ್ಷಿಣಕ್ಕೆ ಅಂಟಾರ್ಕ್ಟಿಕಾದವರೆಗೂ ನೆಲವಿಲ್ಲ. ಸಾವಿರಾರು ಕಿಲೋಮೀಟರ್ ಉರುಳಿ ಬಂದ ಅಲೆಗಳು ತೀರದ ಬಳಿ ಹಠಾತ್ತನೆ ಇಳಿಜಾರಾಗಿರುವ ತಳಕ್ಕೆ ಬಡಿಯುತ್ತವೆ. ಐದಾರು ಸಣ್ಣ ಅಲೆಗಳ ನಂತರ, ಸೂಚನೆಯೇ ಇಲ್ಲದೆ, ಒಂದು ಅಲೆ ಮರಳಿನ ಮೇಲೆ ಬಹುದೂರ ನುಗ್ಗಿ ನಿಂತವರನ್ನು ಎಳೆದೊಯ್ಯುತ್ತದೆ. ನೀರು ಕೊರೆಯುವಷ್ಟು ತಣ್ಣಗಿರುವುದರಿಂದ ಈಜು ಬಂದರೂ ಕೈಕಾಲು ಆಡುವುದು ಕೆಲವೇ ನಿಮಿಷ. ಮಲ್ಪೆ, ಕಾಪು, ಗೋಕರ್ಣಗಳಲ್ಲಿ ಅಲೆಯೊಡನೆ ಆಡಿ ಬೆಳೆದವರು ಆ ಸಲುಗೆಯನ್ನು ಅಲ್ಲಿ ತೋರಬಾರದು. ಎಚ್ಚರಿಕೆಯ ದೀಪ ಕೆಂಪಿದ್ದರೆ ಮರಳಿಗೆ ಇಳಿಯಲೇಬೇಡಿ. ಯಾವ ದಿನವೂ ಸಮುದ್ರಕ್ಕೆ ಬೆನ್ನು ತಿರುಗಿಸಿ ಫೋಟೋಗೆ ನಿಲ್ಲಬೇಡಿ.

ಇಂಥ ನೆಲದಲ್ಲಿ ಜನ ಹೇಗೆ ಬದುಕಿದ್ದಾರೆ? ಒಂಬತ್ತನೆಯ ಶತಮಾನದ ಕೊನೆಯಲ್ಲಿ ನಾರ್ವೆಯ ಕಡೆಯಿಂದ ಬಂದು ನೆಲೆಸಿದಾಗ ತಗ್ಗಿನ ಪ್ರದೇಶಗಳಲ್ಲಿ ಬರ್ಚ್ ಮರದ ಕಾಡಿತ್ತು. ಸೌದೆಗೆ ಕಡಿದರು, ಕುರಿ ಮೇಯಿಸಿದರು, ಗಾಳಿ ಮಣ್ಣನ್ನು ಹೊತ್ತೊಯ್ದಿತು. ಇಂದು ಕಾಡು ಇರುವುದು ನೆಲದ ನೂರಕ್ಕೆ ಎರಡರಷ್ಟರಲ್ಲಿ. ನಮಗೆ ಆದಿಮವೆಂದು ಕಾಣುವ ಆ ಬೋಳುಗುಡ್ಡಗಳಲ್ಲಿ ಬಹುಪಾಲು ಮನುಷ್ಯನ ಕೈವಾಡ. ತಪ್ಪಿನ ಅರಿವಾಗಿ 1907ರಲ್ಲೇ ಮಣ್ಣು ಉಳಿಸಲು ಸರ್ಕಾರಿ ಇಲಾಖೆಯೊಂದನ್ನು ತೆರೆದರು. ಜೂನ್‌ನಲ್ಲಿ ದಾರಿಯುದ್ದಕ್ಕೂ ಅರಳುವ ನೇರಳೆ ಬಣ್ಣದ ಲುಪಿನ್ ಹೂವು ಅಲಾಸ್ಕಾದಿಂದ ಮಣ್ಣು ಹಿಡಿದಿಡಲೆಂದು ತಂದದ್ದು. ಈಗ ಅದೇ ನಾಡಿನ ಗಿಡಗಳನ್ನು ಒತ್ತರಿಸುತ್ತಿದೆ ಎಂಬ ಚರ್ಚೆ ಅಲ್ಲಿ ಜೋರಾಗಿದೆ.

ಅಪಾಯವನ್ನು ಎದುರಿಸುವ ಅವರ ಕ್ರಮದ ಮೇಲೆ ನನಗೆ ದೊಡ್ಡ ಗೌರವ. 1973ರ ಜನವರಿ 23ರ ನಡುರಾತ್ರಿ ಹೇಮಾಯ್ ದ್ವೀಪದ ಊರಿನ ಪಕ್ಕದಲ್ಲೇ ನೆಲ ಬಿರಿಯಿತು. ಬೆಳಗಾಗುವಷ್ಟರಲ್ಲಿ 5,000ಕ್ಕೂ ಹೆಚ್ಚು ಜನರಲ್ಲಿ ಬಹುತೇಕ ಎಲ್ಲರನ್ನೂ ಮೀನುಗಾರಿಕೆಯ ದೋಣಿಗಳು ದಾಟಿಸಿದ್ದವು. ಆಮೇಲೆ ಅವರು ಸಮುದ್ರದ ನೀರನ್ನು ತಿಂಗಳುಗಟ್ಟಲೆ ಪಂಪು ಮಾಡಿ ಲಾವಾದ ಮೇಲೆ ಸುರಿದು, ಅದನ್ನು ಹೆಪ್ಪುಗಟ್ಟಿಸಿ, ಬಂದರನ್ನು ಉಳಿಸಿಕೊಂಡರು. ಇತ್ತೀಚೆಗೆ 2023ರ ನವೆಂಬರ್ 10ರ ರಾತ್ರಿ ಗ್ರಿಂಡಾವಿಕ್ ಊರನ್ನು ಹೀಗೆಯೇ ಖಾಲಿ ಮಾಡಿಸಿದರು. ಡಿಸೆಂಬರ್‌ನಲ್ಲಿ ಬೆಂಕಿ ಎದ್ದಿತು, ಜನವರಿಯಲ್ಲಿ ಲಾವಾ ಕೆಲವು ಮನೆಗಳನ್ನು ನುಂಗಿತು; ಅಷ್ಟರಲ್ಲಿ ಮನೆಯವರು ಸುರಕ್ಷಿತ ಜಾಗದಲ್ಲಿದ್ದರು. ದಾರಿತಪ್ಪಿದ ಪ್ರವಾಸಿಗರನ್ನು ಹಿಮದಲ್ಲಿ ಹುಡುಕಿ ತರುವವರು ಸಂಬಳವಿಲ್ಲದ ಸ್ವಯಂಸೇವಕರು. ಅವರ ಸಂಸ್ಥೆ ಲ್ಯಾಂಡ್ಸ್‌ಬ್ಯೋರ್ಗ್ ಹೊಸವರ್ಷದ ಪಟಾಕಿ ಮಾರಿ ಹಣ ಕೂಡಿಸುತ್ತದೆ. ತುರ್ತು ಕರೆಗೆ 112. ಮುಚ್ಚಿದೆ ಎಂಬ ಫಲಕ ದಾಟಿ ಹೋಗುವವನು ಅವರಲ್ಲೊಬ್ಬರ ಜೀವವನ್ನು ಪಣಕ್ಕಿಡುತ್ತಾನೆ.

ಯಾವ ತಿಂಗಳು ಹೋಗಬೇಕು ಎಂದು ವಿದ್ಯಾರ್ಥಿಗಳು ಮೊದಲೇ ಚೀಟಿ ಕಳಿಸಿದ್ದಾರೆ. ನಡುನಾಡು ನೋಡುವ ಆಸೆಯಿದ್ದರೆ ಜುಲೈ, ಆಗಸ್ಟ್. ಆ ರಸ್ತೆಗಳು ಸಾಮಾನ್ಯವಾಗಿ ಜೂನ್ ಕೊನೆಗೆ ತೆರೆದು ಸೆಪ್ಟೆಂಬರ್‌ನಲ್ಲಿ ಮುಚ್ಚುತ್ತವೆ. ಹಗಲೂ ಬೇಕು, ಧ್ರುವಪ್ರಭೆಯೂ ಬೇಕು ಎನ್ನುವವರಿಗೆ ಸೆಪ್ಟೆಂಬರ್. ಮಂಜಿನ ರಸ್ತೆಯಲ್ಲಿ ಗಾಡಿ ಓಡಿಸಿ ಅಭ್ಯಾಸವಿಲ್ಲದವರು ಚಳಿಗಾಲದಲ್ಲಿ ಸ್ಟೇರಿಂಗ್ ಹಿಡಿಯುವುದು ಬೇಡ, ಬಸ್ಸಿನ ಪ್ರವಾಸಗಳಿವೆ. ಛತ್ರಿ ಒಯ್ಯಬೇಡಿ, ಮೊದಲ ಗಾಳಿಗೇ ಮುರಿಯುತ್ತದೆ. ನೀರು ಮತ್ತು ಗಾಳಿ ಎರಡನ್ನೂ ತಡೆಯುವ ಒಂದು ಒಳ್ಳೆಯ ಜರ್ಕಿನ್, ಅದೇ ಜಾತಿಯ ಪ್ಯಾಂಟು, ಒಳಗೆ ಉಣ್ಣೆಯದು. ಬಾಟಲಿ ನೀರು ಕೊಳ್ಳಬೇಕಾಗಿಲ್ಲ. ನಲ್ಲಿಯ ತಣ್ಣೀರು ಶುದ್ಧ. ಬಿಸಿನೀರು ಬರುವುದು ನೆಲದ ಕಾವಿನಿಂದ, ಗಂಧಕದ ವಾಸನೆ ಇದ್ದರೆ ಗಾಬರಿ ಬೇಡ.

ಐದು ದಿನಕ್ಕೆ ಇಡೀ ದ್ವೀಪ ಸುತ್ತಿಸುವ ಯೋಜನೆಗಳನ್ನು ಒಪ್ಪಿಕೊಳ್ಳಬೇಡಿ. ಗಾಳಿಗೆ ಒಂದು ದಿನ ರಸ್ತೆ ಮುಚ್ಚಿದರೆ ಇಡೀ ಯೋಜನೆ ಕುಸಿಯುತ್ತದೆ. ತಪ್ಪಿದ ದಿನವನ್ನು ಹಿಡಿಯಲು ಹೋಗಿ ಜನ ಅವಘಡಕ್ಕೆ ಸಿಲುಕುವುದು ಆಗಲೇ. ಅಷ್ಟೇ ರಜೆ ಇದ್ದರೆ ರೇಕ್ಯಾವಿಕ್‌ನಿಂದ ಯೋಕುಲ್ಸಾರ್‌ಲೋನ್‌ವರೆಗಿನ ದಕ್ಷಿಣ ತೀರವೊಂದನ್ನೇ ಇಟ್ಟುಕೊಳ್ಳಿ, ನಡುವೆ ಒಂದು ದಿನವನ್ನು ಖಾಲಿ ಬಿಡಿ. ಲಾಕಿಯ ಬಯಲು, ಕಲ್ಲಿನ ಕಂಬಗಳು, 1996ರ ಸೇತುವೆಯ ತೊಲೆಗಳು, ಹಿಮನದಿಯ ಸರೋವರ, ಎಲ್ಲವೂ ಆ ಒಂದೇ ರಸ್ತೆಯ ಮೇಲಿವೆ. ಚೀಟಿಗಳಲ್ಲಿ ಇನ್ನೂ ಪ್ರಶ್ನೆಗಳಿವೆ, ಸಭೆಯಿಂದಲೂ ಕೇಳಬಹುದು.